ನಾವು ಲೈಬ್ರರಿ ಕಟ್ಟಿದ ಸುಗ್ಗಿ

ಕಳೆದ ವಾರ ಸಿಂಧನೂರಿನ ಗಂಜ್ ಮಾರುಕಟ್ಟೆಯಲ್ಲಿ ಚೀಲದ ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಯವನು ಹೊಸ ಗೋಣಿಚೀಲದ ಕಟ್ಟೊಂದನ್ನು ಕುಡುಗೋಲಿನಿಂದ ಕೊಯ್ದು ಬಿಚ್ಚಿದ. ಹೊಸ ಸೆಣಬಿಗೆ ಒಂದು ಎಣ್ಣೆವಾಸನೆ ಇರುತ್ತದೆ. ಸೀಮೆಎಣ್ಣೆಯದೂ ಅಲ್ಲ, ಕುಸುಬಿ ಎಣ್ಣೆಯದೂ ಅಲ್ಲ. ಅದು ಮೂಗಿಗೆ ಬಡಿದದ್ದೇ ತಡ, ಬಂದ ಕೆಲಸ ಮರೆತು ನಿಂತುಬಿಟ್ಟೆ. ಕೆಲವು ವರ್ಷದ ಹಿಂದೆ, ಇಂಥದೇ ಚೀಲಗಳ ಒಟ್ಟಿಲಿನ ಪಕ್ಕ ಒಂದು ಮೇಜು ಹಾಕಿಕೊಂಡು, ನಾನೂ ಲಿಂಗಸೂಗೂರಿನ ಶಾಹೀನ್ ಮೇಡಂ ಅವರೂ ಇಡೀ ಸುಗ್ಗಿ ಕೂತಿದ್ದೆವು. ಆ ಸುಗ್ಗಿ ನನಗೆ ಕೊಟ್ಟದ್ದನ್ನು ಎಲ್ಲಿಯೂ ಬರೆದಿಟ್ಟಿಲ್ಲ. ಈಗ ಬರೆಯುತ್ತೇನೆ.

ನಾನು ಓದಿದ್ದು ತಡವಾಗಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ರೈಸ್ ಮಿಲ್ಲಿನಲ್ಲಿ ತೌಡು ತುಂಬಲು ಹೋದವನು. ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷ ನಾನು ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೂತೆ. ಆಮೇಲೆ ಕಂಪ್ಯೂಟರ್ ಕಲಿತೆ. ಈಗಲೂ ಎರಡೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ ಟೈಪ್ ಮಾಡುತ್ತೇನೆ. ಈ ಬರಹವೂ ಹಾಗೆಯೇ ಆಗುತ್ತಿದೆ.

ಸಿಂಧನೂರಿನಲ್ಲಿ ರೈತರೇ ಸೇರಿ ಮಾಡಿಕೊಂಡ ಒಂದು ಸಣ್ಣ ಬೀಜದ ಕಂಪನಿ ಇತ್ತು. ಅಲ್ಲಿ ನನಗೆ ಆಪರೇಟರ್ ಕೆಲಸ. ಆ ವರ್ಷ ಕಂಪನಿಯವರು ಜವಳಗೇರಾ, ಬಳಗಾನೂರು, ಮಸ್ಕಿ ಕಡೆಯ ಹೊಲಗಳಲ್ಲಿ ಬೇರೆ ಬೇರೆ ಭತ್ತವನ್ನು ಸಣ್ಣ ಸಣ್ಣ ಮಡಿಗಳಲ್ಲಿ ಹಾಕಿಸಿದ್ದರು. ಯಾವ ಮಡಿಯಲ್ಲಿ ಎಷ್ಟು ಕಾಳು ಬಂತು ಎಂದು ನೋಡಿ, ಯಾವ ಭತ್ತವನ್ನು ಮುಂದಿನ ವರ್ಷಕ್ಕೆ ಬೀಜಕ್ಕಿಡಬೇಕು, ಯಾವುದನ್ನು ಮಿಲ್ಲಿಗೆ ಕಳಿಸಬೇಕು ಎಂದು ತೀರ್ಮಾನಿಸುವುದು. ಊರೂರಿಂದ ಬರುವ ಅಳತೆಗಳನ್ನು ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ಅವುಗಳನ್ನು ತಾಳೆ ಹಾಕಿ, ಇಂಥದ್ದು ಚಲೋ, ಇಂಥದ್ದು ಸುಮಾರು ಎಂದು ಹೇಳಲು ಬಂದವರೇ ಶಾಹೀನ್ ಮೇಡಂ.

ಅವರು ಲಿಂಗಸೂಗೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ಶನಿವಾರ ಅರ್ಧ ದಿನದ ಪಾಠ ಮುಗಿಸಿ ಮಸ್ಕಿ ಮೇಲೆ ಬರುವ ಬಸ್ಸು ಹಿಡಿದು ಬಂದು, ಭಾನುವಾರ ಸಂಜೆ ಮರಳುತ್ತಿದ್ದರು. ಬಸ್ಸಿನಲ್ಲಿ ಕೂಡಲು ಜಾಗ ಸಿಕ್ಕಿದ್ದರೆ ಮುಖ ನಗುತ್ತಿತ್ತು, ನಿಂತು ಬಂದಿದ್ದರೆ ಮೊದಲು ಚಹಾ. ಬಂದ ಮೊದಲ ದಿನವೇ, "ನಾನು ಒಂದು ಲೈಬ್ರರಿ ಬರೀಬೇಕಂತ ಮಾಡೀನಿ ಅಮರೇಶಣ್ಣಾರ," ಎಂದರು. ನನಗೆ ತಿಳಿಯಲಿಲ್ಲ. ಅವರು ಹೊರಗೆ ಗೋಡೆಗೆ ಒರಗಿಸಿದ್ದ, ಬೀಜ ಬಿತ್ತುವ ಕೂರಿಗೆಯ ಕಡೆ ಕೈ ತೋರಿಸಿದರು.

"ಕೂರಿಗಿ ಮಾಡಾವ ಊರಾಗ ಒಬ್ಬ ಬಡಿಗ್ಯಾ. ಬಿತ್ತೋರು ಊರ ಮಂದಿ. ಪ್ರತಿಯೊಬ್ಬನೂ ಕೂರಿಗಿ ಕೆತ್ತಿಕೊಂತ ಕುಂತ್ರ ಹಂಗಾಮು ಹೋಗ್ತೈತಿ, ಹೌದಿಲ್ಲೊ? ಲೆಕ್ಕ ಮಾಡೋ ಪ್ರೋಗ್ರಾಂನೂ ಹಂಗ. ನಾ ಒಂದ್ಸಲ ಮಾಡಿ ಇಡ್ತೀನಿ. ಯಾರು ಬೇಕಾದ್ರೂ ತಗೊಂಡು ಬಿತ್ಲಿ."

"ಇಂಥಾವು ಮೊದಲ ಇಲ್ಲೇನ್ರಿ?"

"ಅದಾವ. ಭಾಳ ಚಲೋವೂ ಅದಾವ. ಖರೇ ಕೆಲಸ ಒಳಗ ಅವೇ ಮಾಡ್ತಾವ. ಆದ್ರ ಅವನ್ನ ಹಿಡಿಯೋ ಮೇಳಿ ನಿಮ್ಮ ಕೈಗೆ ಹೊಂದಂಗಿಲ್ಲ. ನಾ ಮೇಳಿ ಅಷ್ಟ ಮಾಡಾಕಿ."

ಆ ಲೈಬ್ರರಿ ಹೇಗಿರಬೇಕು ಎನ್ನುವುದನ್ನು ಬರೆಯುವ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು ಎಂದು ಅವರ ಹಟ. ಗೋದಾಮಿನ ತಗಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಒಂದೊಂದೇ ಮಾತು ಬರೆಯುತ್ತ ಹೋದರು. ಆ ಮಾತುಗಳು ಪುಸ್ತಕದಿಂದ ಬಂದವಲ್ಲ. ನಮ್ಮ ಆಫೀಸಿನ ಅವಾಂತರಗಳಿಂದ ಬಂದವು. ಕಂಪನಿಯ ಅಧ್ಯಕ್ಷರು ಬಸನಗೌಡರು ಒಂದು ದಿನ ನಾನಿಲ್ಲದಾಗ ಕಂಪ್ಯೂಟರ್ ಮುಂದೆ ಕೂತು, ಯಾರದು ಹೆಚ್ಚು ಬಂದಿದೆ ನೋಡೋಣ ಎಂದು ಇಳುವರಿಯ ಸಾಲೊಂದನ್ನೇ ಮೇಲೆ ಕೆಳಗೆ ಜೋಡಿಸಿಬಿಟ್ಟಿದ್ದರು. ಹೆಸರುಗಳು ಇದ್ದಲ್ಲೇ ಇದ್ದವು, ಇಳುವರಿ ಮಾತ್ರ ಜಾಗ ಬದಲಿಸಿತ್ತು. ಮಸ್ಕಿಯ ಬೆಳೆ ಜವಳಗೇರಾಕ್ಕೆ ಹೋಗಿತ್ತು. ಅದನ್ನು ಸರಿ ಮಾಡುವಷ್ಟರಲ್ಲಿ ನನಗೆ ಸಾಕೋ ಸಾಕಾಯಿತು. ಮೇಡಂ ಬಾಗಿಲ ಮೇಲೆ ಬರೆದರು: ಮೂಲ ಅಳತೆಯನ್ನು ಯಾರೂ ಮುಟ್ಟಬಾರದು, ಲೈಬ್ರರಿಯೂ ಮುಟ್ಟಬಾರದು, ಏನು ಮಾಡಿದರೂ ನಕಲಿನ ಮೇಲೆ. ಕರೆಂಟು ಹೋಗುವುದು ನಮ್ಮಲ್ಲಿ ಹೊಸದಲ್ಲ. ಕರೆಂಟು ಹೋದರೂ ಮಾಡಿದ ಕೆಲಸ ಹೋಗಬಾರದು ಎಂಬುದೂ ಬಾಗಿಲಿಗೆ ಬಂತು. ಹಳೆಯ ಕಂಪ್ಯೂಟರಿನಲ್ಲೂ ಓಡಬೇಕು. ಮಡಿ, ಕಾಳು, ಅಳತೆ ಎಂದು ನಾವು ಆಡುವ ಹೆಸರುಗಳೇ ಅದರಲ್ಲಿ ಇರಬೇಕು.

ಇನ್ನೊಂದು ಮಾತು ಬಾಗಿಲಿಗೆ ಬಂದದ್ದು ನನ್ನ ದೆಸೆಯಿಂದ. ಮೊದಮೊದಲು ಅವರು ಬರೆದದ್ದನ್ನು ನಾನು ಓಡಿಸಿದಾಗ ತೆರೆಯ ತುಂಬ ಕೆಂಪು ಅಕ್ಷರ ಬಂತು. ಎಲ್ಲಾ ಇಂಗ್ಲಿಷು. ನಾನು ಕುರ್ಚಿ ಬಿಟ್ಟು ಎದ್ದು ಹೊರಗೆ ಹೋದೆ. ಶಾಲೆಯಲ್ಲಿ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿದಾಗ ಆಗುತ್ತಿತ್ತಲ್ಲ, ಹಾಗೆಯೇ ಕಿವಿ ಬಿಸಿಯಾಗಿತ್ತು.

ಮೇಡಂ ಹಿಂದೆಯೇ ಬಂದರು. "ಯಾಕ್ರಿ ಎದ್ದ್ ಬಂದ್ರಿ?"

"ನನಗ ತಿಳಿಯಂಗಿಲ್ರಿ ಮೇಡಂ. ತಡ ಮಾಡಿ ಓದಿದವ. ಬ್ಯಾರೆ ಯಾರನ್ನರ ಹುಡ್ಕ್ರಿ."

"ನೋಡ್ರಿ," ಎಂದರು, "ನಿಮಗ ತಿಳಿಲಿಲ್ಲ ಅಂದ್ರ ತಪ್ಪು ನಿಮ್ದಲ್ಲ, ನಂದು. ನೀವು ಎಲ್ಲೆಲ್ಲಿ ನಿಂದರ್ತೀರಿ, ಅಲ್ಲಲ್ಲಿ ನಾ ತಿದ್ದಬೇಕು. ನೀವು ಎದ್ದ್ ಹೋದ್ರ ನನಗ ತಿಳಿಯೋದು ಹ್ಯಾಂಗ?"

ಇಷ್ಟು ವರ್ಷದಲ್ಲಿ ನನಗೆ ಆ ಮಾತನ್ನು ಯಾರೂ ಹೇಳಿರಲಿಲ್ಲ. ಮತ್ತೆ ಹೋಗಿ ಕೂತೆ. ಅವತ್ತು ಬಾಗಿಲ ಮೇಲೆ ಬಂದ ಮಾತು: ಹೆದರಿಸಬಾರದು. ಲೈಬ್ರರಿಗೆ ತಿಳಿಯದ್ದು ಏನಾದರೂ ಎದುರಾದರೆ ಕೂಗಾಡದೆ ದಾಟಿ ಮುಂದೆ ಹೋಗಬೇಕು, ಬಾಕಿ ಕೆಲಸ ಮುಗಿಸಬೇಕು. ನನಗೆ ಬಹಳ ಹಿಡಿಸಿದ ಮಾತು ಅದೇ. ಅಲ್ಲಿಂದ ಮುಂದೆ ಕೆಂಪು ಅಕ್ಷರ ಬರಲಿಲ್ಲ. ಕೆಲಸ ಸರಾಗವಾಗಿ ಹೋಗತೊಡಗಿತು.

ಸುಗ್ಗಿ ಜೋರಾಯಿತು. ಬೆಳಗ್ಗೆ ಕಾಲುವೆ ಮೇಲೆ ಮಂಜು, ಹತ್ತಾದರೆ ಬಿಸಿಲು, ಕೊಯ್ಯುವ ಮಷೀನುಗಳ ಸದ್ದು, ರಸ್ತೆಯ ಅರ್ಧಕ್ಕೆ ಒಣಹಾಕಿದ ಭತ್ತ. ನಮ್ಮ ಮಡಿಗಳಿಗೆ ಮಾತ್ರ ಮಷೀನು ಇಳಿಸುವಂತಿರಲಿಲ್ಲ. ಕೈಯಲ್ಲೇ ಕೊಯ್ದು ಬಡಿದು ಬೇರೆ ಬೇರೆ ಗುಡ್ಡೆ ಹಾಕಬೇಕು. ಜವಳಗೇರಾ, ಮಸ್ಕಿ ಕಡೆಯವರು ಚೀಲಕ್ಕೆ ತುಂಬಿ ಕರೆಂಟಿನ ಕಾಟಾದ ಮೇಲೆ ತೂಗಿ ಕಳಿಸಿದರು. ಬಳಗಾನೂರಿನ ಹುಲಿಗೆಮ್ಮ ಮಾತ್ರ ಡಬ್ಬಿಯಲ್ಲಿ ಅಳೆದು, ಪ್ರತಿ ಡಬ್ಬಿಯನ್ನೂ ತೂಗುಕಾಟಾಕ್ಕೆ ಸಿಕ್ಕಿಸಿ, ಎಷ್ಟು ಕಿಲೋ ಎಂದು ಫೋನಿನಲ್ಲಿ ಮಾತು ತುಂಬಿ ಕಳಿಸುತ್ತಿದ್ದಳು. ಹಿಂದೆ ಆಡಿನ ದನಿ, ಯಾರಿಗೋ ಬೈಯುವ ದನಿ, ಅದರ ನಡುವೆ ಅಳತೆ:

"ಅಮರೇಶಪ್ಪಾ, ಬರ್ಕೊ. ಕೆಳಗಿನ ಮಡಿದು. ಲಾಭ, ಹದಿಮೂರೂವರಿ. ಎರಡು, ಹದಿನಾಲ್ಕು. ಮೂರು... ಏ ಆಡು ಹೊಡೀಲೇ ಅತ್ಲಾಗ... ಮೂರು, ಹದಿಮೂರು."

ನಾನು ಕೇಳಿದ್ದನ್ನು ಕೇಳಿದ ಹಾಗೆಯೇ ಹಾಕುತ್ತಿದ್ದೆ.

ಹುಲಿಗೆಮ್ಮನ ವಿಷಯ ಹೇಳಬೇಕು. ನಡು ವಯಸ್ಸಿನ ಹೆಂಗಸು. ಲೀಜಿಗೆ ಹಿಡಿದ ಹೊಲ, ಅದರ ಕೆಳಗಿನ ಭಾಗ ಪೂರಾ ಚೌಳು. ನೀರು ನಿಂತು ನಿಂತು ಉಪ್ಪು ಮೇಲೆ ಬಂದು ನೆಲ ಬೂದಿ ಬಳಿದ ಹಾಗೆ ಕಾಣುತ್ತಿತ್ತು. ಅಲ್ಲಿ ಯಾವ ಭತ್ತ ಹಾಕಿದರೂ ಸುಟ್ಟು ಹೋಗುತ್ತಿತ್ತು; ಅಲ್ಲೊಂದು ಇಲ್ಲೊಂದು ಪೈರು ಮಾತ್ರ ತಾಳಿಕೊಂಡು ನಿಲ್ಲುತ್ತಿತ್ತು. ಹಾಗೆ ನಿಂತ ಪೈರಿನ ತೆನೆಯನ್ನಷ್ಟೇ ಆರಿಸಿ, ಅದನ್ನೇ ಬಿತ್ತಿ, ಅದರಲ್ಲೂ ಆರಿಸಿ, ವರ್ಷಗಟ್ಟಲೆ ಕೈಯಾಡಿಸಿ ಒಂದು ಬೀಜ ಮಾಡಿಕೊಂಡಿದ್ದಳು. ಆ ಬೀಜ ಲೋಕದಲ್ಲಿ ಬೇರೆ ಎಲ್ಲೂ ಇರಲಿಲ್ಲ. ಆ ವರ್ಷ ಅದನ್ನು ಮೇಲಿನ ಒಳ್ಳೆಯ ನೆಲದ ಮಡಿಗಳಲ್ಲೂ ಕೆಳಗಿನ ಚೌಳು ಮಡಿಗಳಲ್ಲೂ ಹಾಕಿದ್ದಳು; ಇದ್ದದ್ದಷ್ಟೂ ಈಗ ಅವಳ ಕಣದಲ್ಲಿ ರಾಶಿಯಾಗಿತ್ತು. ಹೊಲದ ಮಾಲೀಕ ಮೊದಲೇ ಹೇಳಿದ್ದ: ಕಂಪನಿ ಒಪ್ಪಿದರೆ ಮುಂದಿನ ವರ್ಷವೂ ಅದನ್ನೇ ಹಾಕು, ಇಲ್ಲದಿದ್ದರೆ ಎಲ್ಲರೂ ಹಾಕುವ ಭತ್ತ ಹಾಕು, ಇಲ್ಲವೇ ಹೊಲ ಬಿಡು. ಅಂದರೆ ಕಂಪನಿ ಬೇಡ ಎಂದರೆ ಆ ಬೀಜಕ್ಕೆ ನೆಲವೇ ಇಲ್ಲ.

ಎಲ್ಲರ ಅಳತೆ ಬಂದು ಮುಗಿಯಿತು. ಮೇಡಂ ಲೈಬ್ರರಿ ಓಡಿಸಿದರು. ಅದು ಗೊಣಗದೆ ಕೆಲಸ ಮುಗಿಸಿ ಅಚ್ಚುಕಟ್ಟಾದ ಪಟ್ಟಿ ಕೊಟ್ಟಿತು. ಹುಲಿಗೆಮ್ಮನ ಭತ್ತ ಎಲ್ಲಕ್ಕಿಂತ ಕೆಳಗಿತ್ತು.

ಬಸನಗೌಡರು ನೋಡಿ ಕನ್ನಡಕ ತೆಗೆದರು. "ಆಕಿ ಮುಂದ ಹೇಳಾಕ ನನಗ ಬಾಯಿಲ್ಲ. ಆದ್ರ ಲೆಕ್ಕ ಲೆಕ್ಕನ. ಗೋದಾಮಿನಾಗ ಜಾಗ ಇಲ್ಲ, ಮೋಡ ಬ್ಯಾರೆ ಕವಿದೈತಿ. ನಾಳೆ ಮಿಲ್ಲಿಗೆ ಲಾರಿ ಹೋದಾಗ ಆ ರಾಶಿನೂ ಹಾಕ್ಸಿಬಿಡ್ರಿ." ಸಮುದ್ರದ ಕಡೆ ಚಂಡಮಾರುತ ಎದ್ದಿದೆ ಎಂದು ಎಲ್ಲರ ಫೋನಿನಲ್ಲೂ ಬಂದಿತ್ತು. ಆಕಾಶ ಮಧ್ಯಾಹ್ನವೇ ಮಬ್ಬಾಗಿತ್ತು.

ಹುಲಿಗೆಮ್ಮನಿಗೆ ಫೋನು ಮಾಡಿದವನು ನಾನೇ. ಅವಳು ಪೂರಾ ಕೇಳಿದಳು. ಫೋನು ಇಟ್ಟಳು.

ಮರುದಿನ ಭಾನುವಾರ, ಬಳಗಾನೂರಿನ ಮೊದಲ ಬಸ್ಸಿಗೇ ಬಂದಳು. ಕಂಕುಳಲ್ಲಿ ಅಳೆಯುವ ಡಬ್ಬಿ. ಒಳಗೆ ಬಂದವಳೇ ಅದನ್ನು ಕಂಪ್ಯೂಟರಿನ ಪಕ್ಕ ಕುಕ್ಕಿದಳು.

"ಎಲ್ಲೈತಿ ಅದು ನನ್ನ ಕಾಳು ತಿಂದ ಯಂತ್ರ? ಇದಾ? ಇದ್ರ ಹೊಟ್ಟಿ ಸೇದಿಹೋಗ್ಲಿ! ಕಣದಾಗ ನಾ ಬಗ್ಗಿ ಬಗ್ಗಿ ಅಳೀತೀನಿ, ಇದು ನೆಳ್ಳಾಗ ಕುಂತು ನುಂಗತೈತಿ!"

"ಹುಲಿಗೆಮ್ಮಕ್ಕ, ಕುಂದ್ರು. ಚಾ ತರಿಸ್ತೀನಿ," ಎಂದೆ.

"ನಿನ್ನ ಚಾ ನೀನ ಕುಡಿ! ಬಾಯಾರ," ಎಂದು ಮೇಡಂ ಕಡೆ ತಿರುಗಿದಳು, "ನೀವು ಓದಿದೋರು. ಎಷ್ಟು ಬಂದೈತಿ ಅಂತ ಕಣ್ಣಿಗೆ ಕಾಣೂದಿಲ್ಲೇನ್ರಿ? ಆಜುಬಾಜು ಹೊಲದಾಗ ಸುಟ್ಟ ಹುಲ್ಲು ಬಿಟ್ರ ಏನೂ ಇಲ್ಲ. ನನ್ನ ಹೊಲದಾಗ ರಾಶಿ ಐತಿ. ಇದ್ದದ್ದು ಕಡಿಮಿ, ಇಲ್ಲದ್ದು ಹೆಚ್ಚು ಹ್ಯಾಂಗ ಆಗತೈತಿ?"

ಮೇಡಂ ವಾದ ಮಾಡಲಿಲ್ಲ. ಪಟ್ಟಿಯನ್ನು ಇನ್ನೊಮ್ಮೆ ನೋಡಿದರು. "ನಿಮ್ಮ ಮಾತು ಖರೇ ಇರಬೌದು ಅಕ್ಕಾರ. ರಾಶಿ ಇನ್ನೂ ಕಣದಾಗ ಐತಲ್ಲ? ನಡೀರಿ, ನಾವ ಬರ್ತೀವಿ. ನಮ್ಮ ಮುಂದ ಮತ್ತೊಮ್ಮೆ ಅಳೀರಿ."

ಮೂವರೂ ಬಸ್ಸಿಗೆ ಹೋದೆವು. ಲ್ಯಾಪ್‌ಟಾಪನ್ನು ಮೇಡಂ ದುಪಟ್ಟಾದಲ್ಲಿ ಸುತ್ತಿ ಎದೆಗವಚಿಕೊಂಡಿದ್ದರು. ಕಣ ಮುಟ್ಟುವ ಹೊತ್ತಿಗೆ ತಣ್ಣನೆ ಗಾಳಿ ಬೀಸುತ್ತಿತ್ತು. ಗುಡ್ಡೆಗಳ ಮೇಲೆ ತಾಡಪತ್ರಿ ಪಟಪಟ ಹೊಡೆಯುತ್ತಿತ್ತು. ಲಾರಿ ಆಗಲೇ ಬಂದು ನಿಂತಿತ್ತು. ಡ್ರೈವರ್ ಬಾಗಿಲಿಗೆ ಆತು ನಿಂತು, "ಲಗೂನ ಮುಗಿಸ್ರಿ ಮಾರಾಯ್ರ, ಮಳಿ ಬಂದ್ರ ಎರಿ ಮಣ್ಣಾಗ ಗಾಲಿ ಸಿಕ್ಕೊಂತಾವ," ಎಂದು ಕೂಗಿದ.

ನಾನು ಬುಟ್ಟಿಯೊಂದನ್ನು ಮಗುಚಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡೆ. ಹುಲಿಗೆಮ್ಮ ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ರಾಶಿಗೆ ಕೈ ಮುಗಿದು, ಕೆಳಗಿನ ಮಡಿಯ ಗುಡ್ಡೆಯಿಂದ ಮೊದಲ ಡಬ್ಬಿ ತುಂಬಿದಳು. ಅಂಗೈಯಿಂದ ಡಬ್ಬಿಯ ಬಾಯಿ ಸವರಿ ಕಾಟಾಕ್ಕೆ ಸಿಕ್ಕಿಸಿದಳು.

"ಲಾಭ! ಹದಿಮೂರೂವರಿ."

ಹಾಕಿದೆ.

"ಎರಡು! ಹದಿನಾಲ್ಕು."

ಹಾಕಿದೆ. ಗುಡ್ಡೆ ಮುಗಿಯಿತು. ಮೇಡಂ ಓಡಿಸಿದರು. ಬಂದ ಮೊತ್ತ ನೋಡಿ, ಬಿಚ್ಚಿದ ಚೀಲದ ಮೇಲೆ ಸುರಿದಿದ್ದ ಕಾಳಿನ ಕಡೆ ನೋಡಿದರು. "ಒಂದು ಡಬ್ಬಿ ಬಂದಿಲ್ಲ ಇದರಾಗ," ಎಂದರು. ನನ್ನ ಹೆಗಲ ಮೇಲಿಂದ ಬಗ್ಗಿ ನಾನು ಹಾಕಿದ ಸಾಲುಗಳನ್ನು ಓದಿದರು. ಅವರ ಬೆರಳು ಮೊದಲ ಸಾಲಿನ ಮೇಲೆ ನಿಂತಿತು.

"ಅಕ್ಕಾರ, ಮೊದಲಿನ ಡಬ್ಬಿಗೆ ಏನಂದ್ರಿ?"

"ಲಾಭ ಅಂದೆ."

"ಒಂದು ಅನ್ಲಿಲ್ಲ?"

ಹುಲಿಗೆಮ್ಮ ಅವರನ್ನೇ ನೋಡಿದಳು. "ರಾಶಿ ಮುಂದ ನಿಂತು ಒಂದು ಅಂತಾರೇನ್ರಿ ಯಾರಾದ್ರೂ? ಒಂದು ಅಂದ್ರ ಒಂದಕ್ಕ ನಿಂದರತೈತಿ. ಲಾಭ ಅಂತ ಸುರು ಮಾಡಬೇಕು, ಆಮ್ಯಾಲ ಎರಡು."

ನಮ್ಮ ಭಾಗದಲ್ಲಿ ಕಾಳು ಅಳೆಯುವವರೆಲ್ಲ ಹಾಗೆಯೇ ಎಣಿಸುತ್ತಾರೆ. ನಮ್ಮವ್ವನೂ ಹಾಗೆಯೇ ಅಳೆಯುತ್ತಿದ್ದಳು. ಹುಟ್ಟಿದಾಗಿನಿಂದ ಕೇಳಿದ ಮಾತಾದ್ದರಿಂದಲೇ ಅದನ್ನು ಹಾಕುವಾಗ ನನ್ನ ಬೆರಳು ಒಮ್ಮೆಯೂ ತಡೆಯಲಿಲ್ಲ. ಲೈಬ್ರರಿ ಮಾತ್ರ ಪ್ರತಿ ಸಾಲಿನ ಮೊದಲಿಗೆ ಎಣಿಕೆಯ ಅಂಕಿ ಇರುತ್ತದೆ ಎಂದು ನಂಬಿತ್ತು. ಅಕ್ಷರ ಕಂಡಾಗ, ಇದು ಯಾವುದೋ ತಲೆಬರಹ ಎಂದು ತಿಳಿದು ಆ ಸಾಲನ್ನೇ, ತೂಕದ ಸಮೇತ, ದಾಟಿ ಹೋಗಿತ್ತು. ಸದ್ದಿಲ್ಲದೆ ಹೋಗಿತ್ತು, ಯಾಕೆಂದರೆ ಯಾರನ್ನೂ ಹೆದರಿಸಬಾರದು ಎಂದು ನಾವೇ ಅದಕ್ಕೆ ಕಲಿಸಿದ್ದೆವು. ಪುಟ್ಟ ಪುಟ್ಟ ಮಡಿ, ಒಂದೊಂದಕ್ಕೂ ಕೆಲವೇ ಡಬ್ಬಿ. ಪ್ರತಿ ಮಡಿಯಲ್ಲೂ ಮೊದಲ ಡಬ್ಬಿ ಹೋದರೆ ಉಳಿಯುವುದೆಷ್ಟು? ಚೀಲದ ಲೆಕ್ಕ ಕಳಿಸಿದ ಬೇರೆ ಊರಿನವರಿಗೆ ಏನೂ ಆಗಿರಲಿಲ್ಲ.

ಮೇಡಂ ಹಣೆಗೆ ಕೈ ಹಚ್ಚಿಕೊಂಡು ನೆಲದ ಮೇಲೆ ಕೂತುಬಿಟ್ಟರು. ಅಳುತ್ತಾರೇನೋ ಅಂದುಕೊಂಡೆ. ನಗುತ್ತಿದ್ದರು.

"ಅಲ್ಲಾ... ನಮ್ಮ ದಾದಾಂದು ಕಾಳಿನ ಅಂಗಡಿ. ದಿನಾ ನೋಡೀನಿ. ಅವ್ರು ಬರಕತ್ ಅಂತಿದ್ರು. ಬರಕತ್, ದೋ, ತೀನ್! ಇದನ್ನ ಕೇಳ್ಕೊಂತ ಬೆಳದಾಕಿ ನಾನು. ಲೈಬ್ರರಿ ಬರೆಯಾಗ ಒಂದ್ಸಲನೂ ನೆಪ್ಪಾಗಲಿಲ್ಲ ನೋಡ್ರಿ!"

"ಈಗ ನೆಪ್ಪಾತಲ್ಲ," ಎಂದಳು ಹುಲಿಗೆಮ್ಮ. ಅವಳಿನ್ನೂ ನಕ್ಕಿರಲಿಲ್ಲ. "ಲಾರಿಯಾವಂಗ ಏನ್ ಹೇಳ್ಲಿ?"

ಮೇಡಂ ಗೌಡರಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದರು. ನಡೆದದ್ದೆಲ್ಲ ಹೇಳಿದರು. ಆ ಕಡೆಯಿಂದ ಗೌಡರು, "ನಿನ್ನೆ ಕಡಿಮಿ ಅಂದ್ರಿ, ಇವತ್ತು ಹೆಚ್ಚು ಅಂತೀರಿ. ನಾಳೆ ಮತ್ತೇನಂತೀರೋ. ಯಾವುದನ್ನ ನಂಬ್ಲಿ ನಾನು?" ಎಂದರು.

ನ್ಯಾಯವಾದ ಮಾತು.

"ನನ್ನ ಮಾತು ನಂಬಬ್ಯಾಡ್ರಿ ಗೌಡ್ರ," ಎಂದರು ಮೇಡಂ. "ಇಲ್ಲಿಗೆ ಬರ್ರಿ. ನೀವ ಅಳೀರಿ, ನೀವ ನೋಡ್ರಿ. ಅಷ್ಟರಾಗ ನಾ ಒಂದು ತಿದ್ದುಪಡಿ ಮಾಡ್ತೀನಿ."

ಗೌಡರು ಬರುವಷ್ಟರಲ್ಲಿ ಹನಿ ಶುರುವಾಯಿತು. ನಾವು ಪತ್ರಾಸಿನ ತಗಡು ಹೊದೆಸಿದ ಕೊಟ್ಟಿಗೆಯ ಕೆಳಗೆ ಸರಿದೆವು. ಎಮ್ಮೆಯ ಪಕ್ಕ ಕೂತು ಮೇಡಂ ಬರೆದರು. ಬ್ಯಾಟರಿ ಕೆಂಪು ತೋರಿಸುತ್ತಿತ್ತು. ಲಾಭ ಅಂದರೆ ಒಂದು, ಬರಕತ್ ಅಂದರೆ ಒಂದು ಎಂದು ಬರೆದು ಮುಗಿಸಬಹುದಲ್ಲ ಎಂದೆ. ತಲೆ ಅಲ್ಲಾಡಿಸಿದರು.

"ನಾಳೆ ಇನ್ನೊಂದೂರಾಗ ಇನ್ನೊಂದು ಮಾತಿರತೈತಿ. ಎಲ್ಲಾ ನನಗ ಗೊತ್ತಿರಂಗಿಲ್ಲ. ಗೊತ್ತಿಲ್ಲಂದ್ರ ಬಿಟ್ಟು ಹೋಗಬಾರದು, ಕೇಳಬೇಕು. ನಿಮ್ಮಂಗ ಕೇಳಬೇಕು, ಮೆತ್ತಗ."

ಗೌಡರು ರೇನ್‌ಕೋಟು ಹಾಕಿಕೊಂಡು ಮೋಟಾರ್ ಸೈಕಲ್ಲಿನಲ್ಲಿ ಬಂದರು. ಬಂದವರೇ ಚಪ್ಪಲಿ ಬಿಟ್ಟು, ಹುಲಿಗೆಮ್ಮನ ಕೈಯಿಂದ ಡಬ್ಬಿ ತೆಗೆದುಕೊಂಡು, ಕೊಟ್ಟಿಗೆಯೊಳಗೆ ಎಳೆದಿಟ್ಟಿದ್ದ ಇನ್ನೊಂದು ಮಡಿಯ ಕಾಳಿಗೆ ಕೈ ಹಾಕಿದರು. ಯಾರೂ ಏನೂ ಹೇಳಿಕೊಟ್ಟಿರಲಿಲ್ಲ.

"ಲಾಭ!" ಎಂದು ಕೂಗಿದರು.

ಹುಲಿಗೆಮ್ಮ ಆಗ ನಕ್ಕಳು. "ಕೇಳಿದ್ರೇನ್ರಿ ಬಾಯಾರ? ಗೌಡ್ರೂ ಒಂದು ಅನ್ಲಿಲ್ಲ."

ಅಳೆದು ಮುಗಿಸಿದ ಮೇಲೆ ನಾನು ಗುಂಡಿ ಒತ್ತಿದೆ. ಈ ಸಲ ಲೈಬ್ರರಿ ದಾಟಿ ಹೋಗಲಿಲ್ಲ. ನಿಂತು, ಕಪ್ಪು ಅಕ್ಷರದಲ್ಲಿ, ಕನ್ನಡದಲ್ಲಿ ಕೇಳಿತು: 'ಈ ಸಾಲಿನಲ್ಲಿ ಅಂಕಿಯ ಜಾಗದಲ್ಲಿ "ಲಾಭ" ಎಂದಿದೆ. ಇದನ್ನು ಎಷ್ಟು ಎಂದು ಹಿಡಿಯಲಿ?'

ಗೌಡರು ಬಗ್ಗಿ ಓದಿದರು. "ಎಷ್ಟಂತ ಹಿಡೀಲಿ ಅಂತ ಕೇಳಾಕತ್ತೈತಲ್ರೀ ಇದು! ಒಂದಂತ ಹಿಡಿಯಪ್ಪ, ಹಿಡಿ!" ಎಂದು ಯಂತ್ರಕ್ಕೇ ಹೇಳಿದರು.

ಎಲ್ಲ ಮಡಿಗಳನ್ನೂ ಸೇರಿಸಿ ಮತ್ತೆ ಓಡಿಸಿದೆವು. ಹುಲಿಗೆಮ್ಮನ ಭತ್ತ ಎಲ್ಲಕ್ಕಿಂತ ಮೇಲೆ ಬರಲಿಲ್ಲ. ಒಳ್ಳೆಯ ನೆಲದಲ್ಲಿ ಅದು ನಡುವಿನದು. ಆದರೆ ಚೌಳು ಮಡಿಗಳನ್ನಷ್ಟೇ ಬೇರೆ ಮಾಡಿ ನೋಡಿದರೆ, ಬೇರೆ ಭತ್ತಗಳೆಲ್ಲ ಕುಸಿದ ಜಾಗದಲ್ಲಿ ಅದೊಂದೇ ನಿಂತಿತ್ತು. ಮೇಡಂ ಎರಡನ್ನೂ ಮುಚ್ಚಿಡದೆ ತೋರಿಸಿದರು. ಹಿಂದಿನ ಪಟ್ಟಿಯಲ್ಲಿ ಯಾವ ಯಾವ ಸಾಲು ಬಿಟ್ಟುಹೋಗಿದ್ದವು ಎನ್ನುವುದನ್ನೂ ತೋರಿಸಿದರು. ಮೂಲ ಅಳತೆಯನ್ನು ಯಾರೂ ಮುಟ್ಟಿರಲಿಲ್ಲವಾದ್ದರಿಂದ ಎಲ್ಲವೂ ಇದ್ದ ಹಾಗೆಯೇ ಇತ್ತು.

ಗೌಡರು ಕೊಟ್ಟಿಗೆಯಿಂದ ಹೊರಗೆ ತಲೆ ಹಾಕಿ ಕೂಗಿದರು, "ಏ ಡ್ರೈವರ್! ಈ ರಾಶಿ ಬಿಟ್ಟು ಹೋಗಪ. ಇದು ಬೀಜಕ್ಕ."

"ಮೊದಲ ಹೇಳಬಾರದೇನ್ರಿ!" ಎಂದು ಅವನು ಬೈದುಕೊಳ್ಳುತ್ತ ಗಾಡಿ ಶುರು ಮಾಡಿದ. ನಾವೆಲ್ಲ ಮಳೆಯಲ್ಲೇ ಓಡಾಡಿ ಚೀಲ ತುಂಬಿ ಒಳಗೆ ಒಟ್ಟಿದೆವು. ಕಾಲೇಜಿನ ಮೇಡಂ ಚೀಲದ ಒಂದು ಮೂಲೆ, ಗೌಡರು ಇನ್ನೊಂದು ಮೂಲೆ. ಕೊನೆಗೆ ಹುಲಿಗೆಮ್ಮ ಎಲ್ಲರಿಗೂ ಬಿಸಿ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಲ್ಯಾಪ್‌ಟಾಪಿನ ಕಡೆ ಗದ್ದ ತೋರಿಸಿ, "ಇದಕ್ಕ ಸಿಟ್ಟು ಬಂದಿಲ್ಲಲ್ರಿ ಬಾಯಾರ? ಮುಂಜಾನಿ ಭಾಳ ಬೈದೀನಿ," ಎಂದಳು.

"ಸಿಟ್ಟು ಬಂದಿದ್ರೂ ಇದು ಹೇಳಂಗಿಲ್ಲ ಅಕ್ಕಾರ," ಎಂದರು ಮೇಡಂ. "ಹೇಳೂದು ಕಲಿಸಾಕ ಹತ್ತೀನಿ."

ಮುಂದಿನ ಶನಿವಾರ ಅವರು ಗೋದಾಮಿನ ಬಾಗಿಲ ಮೇಲಿದ್ದ 'ಹೆದರಿಸಬಾರದು' ಎನ್ನುವುದನ್ನು ಅಳಿಸಲಿಲ್ಲ. ಅದರ ಮುಂದೆ 'ಮುಚ್ಚಿಡಲೂಬಾರದು' ಎಂದು ಸೇರಿಸಿದರು. ಆ ಎರಡನ್ನೂ ಒಟ್ಟಿಗೆ ಸಾಧಿಸುವುದೇ ಕಷ್ಟದ ಕೆಲಸ ಎಂದು ಅವರು ಈಗಲೂ ಹೇಳುತ್ತಾರೆ. ಆಮೇಲೆ ಆ ಲೈಬ್ರರಿಯನ್ನು ಬೇಕಾದವರು ತೆಗೆದುಕೊಳ್ಳಲಿ ಎಂದು ಬಿಟ್ಟುಕೊಟ್ಟರು. ಮಸ್ಕಿಯ ಒಬ್ಬ ಮೇಷ್ಟ್ರು ಅದರಲ್ಲಿ ಮಕ್ಕಳಿಂದ ಮಳೆಯ ಲೆಕ್ಕ ಮಾಡಿಸುತ್ತಾರಂತೆ. ಅದರ ಜೊತೆಗಿರುವ ವಿವರಣೆಯ ಕನ್ನಡ ನನ್ನದು. ನನಗೆ ತಿಳಿಯುವ ಹಾಗೆ ಬರೆಯಿರಿ, ಆಗ ಎಲ್ಲರಿಗೂ ತಿಳಿಯುತ್ತದೆ ಎಂದು ಮೇಡಂ ಅದನ್ನು ನನ್ನ ಕೈಗೇ ಕೊಟ್ಟರು. ಬರೆಯಲು ಇಡೀ ಬೇಸಿಗೆ ಹಿಡಿಯಿತು. ಅವರು ಒಮ್ಮೆಯೂ ಅವಸರ ಮಾಡಲಿಲ್ಲ.

ಹುಲಿಗೆಮ್ಮನ ಬೀಜ ಮರುವರ್ಷ ಅವಳ ಹೊಲಕ್ಕಷ್ಟೇ ಅಲ್ಲ, ಜವಳಗೇರಾದಲ್ಲಿ ಜಾಲಿ ಬಿಟ್ಟರೆ ಏನೂ ಬೆಳೆಯದೆ ಪಾಳು ಬಿದ್ದಿದ್ದ ಒಂದು ಹೊಲಕ್ಕೂ ಹೋಯಿತು. ಆ ಹೊಲ ರಸ್ತೆಗೆ ಸ್ವಲ್ಪ ದೂರ, ಏರಿಯ ಆಚೆ. ಬಸ್ಸಿನಲ್ಲಿ ಕೂತರೆ ಕಾಣುವುದಿಲ್ಲ. ಆ ಕಡೆ ಹೋಗುವಾಗಲೆಲ್ಲ ಊರು ಇನ್ನೂ ಬರುವ ಮೊದಲೇ ನಾನು ಸೀಟು ಬಿಟ್ಟು ಎದ್ದು ನಿಲ್ಲುತ್ತೇನೆ.

"ಸ್ಟಾಪ್ ಇನ್ನೂ ಮುಂದ ಐತ್ರೀ, ಕುಂದರ್ರಿ," ಎನ್ನುತ್ತಾನೆ ಕಂಡಕ್ಟರ್.

"ಇಳಿಯಂಗಿಲ್ರಿ," ಎನ್ನುತ್ತೇನೆ. ಆ ಹಸಿರು ದಾಟುವ ತನಕ ನಿಂತೇ ಇರುತ್ತೇನೆ.